ಕಾಲಿನ ಪಾಲು

ಯುಗಾದಿಯ ಮಾರನೇ ದಿನ ಬೆಳಿಗ್ಗೆ ಟಿವಿ ಹಾಕಿದರೆ ಪ್ರತಿ ವರ್ಷ ಅದೇ ಸುದ್ದಿ. ಮೈಸೂರು ರಸ್ತೆಯ ಮಟನ್ ಅಂಗಡಿ ಮುಂದೆ ಉದ್ದನೆಯ ಕ್ಯೂ, ಬೆಳಗಿನ ಜಾವವೇ ಬಂದು ನಿಂತವರು, ಅವರ ಮುಂದೆ ಮೈಕು ಹಿಡಿದು "ಈ ಸಲ ರೇಟು ಜಾಸ್ತಿ ಆಯ್ತು ಅನ್ಸುತ್ತಾ ಸರ್?" ಅಂತ ಕೇಳುವ ವರದಿಗಾರ. ಜಾಸ್ತಿ ಆಯ್ತು ಅಂತ ಅವರು ಹೇಳುತ್ತಾರೆ, ಹೇಳಿ ಎರಡು ಕೆಜಿ ತಗೊಂಡು ಹೋಗುತ್ತಾರೆ. ಬೆಂಗಳೂರು, ಮಂಡ್ಯದ ಕಡೆ ಇದಕ್ಕೆ ಹೊಸತೊಡಕು ಅನ್ನುತ್ತಾರೆ. ನಮ್ಮ ಕಡೆ ವರ್ಷತೊಡಕು, ಬಾಯಿಗೆ ಬರುವಾಗ ವರ್ಸ್ತೊಡಕು. ಹಬ್ಬದ ದಿನ ಬೇವು-ಬೆಲ್ಲ, ಒಬ್ಬಟ್ಟು. ಮಾರನೇ ದಿನ ಬಾಡು. ವರ್ಷದ ಶುರುವಿನಲ್ಲಿ ಏನು ಮಾಡ್ತೀವೋ ವರ್ಷಪೂರ್ತಿ ಅದೇ ನಡೆಯುತ್ತೆ ಅನ್ನೋ ನಂಬಿಕೆ ಬೇರೆ ಇರುವುದರಿಂದ ಆವತ್ತಿನ ಊಟದಲ್ಲಿ ಯಾರೂ ಜಿಪುಣತನ ಮಾಡುವುದಿಲ್ಲ.

ಆ ಕ್ಯೂನಲ್ಲಿ ನಿಂತವರು ಕೇಳುವುದು ತೊಡೆ, ಚಾಪ್ಸ್, ಲಿವರ್. ಕಾಲು ಕೇಳುವವರು ಕಮ್ಮಿ. ಕಾಲು ಅಂದರೆ ಮಂಡಿಯಿಂದ ಕೆಳಗೆ, ಗೊರಸಿನ ತನಕದ ಭಾಗ. ಮಾಂಸ ಇಲ್ಲ ಅಂತಲೇ ಹೇಳಬಹುದು. ಚರ್ಮ, ನರ, ಮೂಳೆ, ಮೂಳೆಯೊಳಗೆ ಒಂದಿಷ್ಟು ಮಜ್ಜೆ. ಮನೆಗೆ ತಂದರೆ ಅರ್ಧ ದಿನದ ಕೆಲಸ. ಆದರೂ ಇದನ್ನು ಬಿಡದೆ ತಿನ್ನುವವರು ಪ್ರಪಂಚದ ತುಂಬ ಇದ್ದಾರೆ. ನಮ್ಮ ಆಫೀಸಿನ ಕೊಡಗಿನ ಹುಡುಗಿಗೆ ಕಾಲು ಅಂದರೆ ಹಂದಿ ಕಾಲು, ಕರಿಮೆಣಸು, ಕಾಚಂಪುಳಿ. ದಕ್ಷಿಣ ಚೀನಾದ ಕ್ಯಾಂಟನ್ ಸೀಮೆಯಲ್ಲಿ ಹಂದಿ ಕಾಲನ್ನು ಶುಂಠಿ, ಸಿಹಿ ವಿನೆಗರ್ ಹಾಕಿ ಗಂಟೆಗಟ್ಟಲೆ ಬೇಯಿಸಿ ಬಾಣಂತಿಗೆ ಕೊಡುತ್ತಾರೆ. ಹೈದರಾಬಾದಿನವರಿಗೆ ಪಾಯ. ನಮಗೆ ಕುರಿ ಕಾಲು.

ಕುರಿ ಯಾಕೆ ಅಂದರೆ ನಮ್ಮದು ಕುರಿ ಸೀಮೆ. ಚಿಕ್ಕಮಗಳೂರು ಜಿಲ್ಲೆ ಅಂದ ತಕ್ಷಣ ನಿಮಗೆ ಕಾಫಿ ತೋಟ, ಮಂಜು, ಮುಳ್ಳಯ್ಯನಗಿರಿ, ಹೋಂಸ್ಟೇ ನೆನಪಾಗುತ್ತೆ. ಅದು ಬೆಟ್ಟದ ಆ ಕಡೆ. ಬೆಟ್ಟದ ಈ ಕಡೆ, ಮಳೆ ನೆರಳಿನಲ್ಲಿ ನಾವಿದ್ದೇವೆ: ತೆಂಗು, ರಾಗಿ, ಬತ್ತಿದ ಬೋರ್‌ವೆಲ್ಲು. 1947ರ ತನಕ ಇಡೀ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ ಅಂತ ಇತ್ತು ಅಂದರೆ ಈಗಿನವರು ನಂಬುವುದಿಲ್ಲ. ತರೀಕೆರೆ ಏರಿ ಮೇಲೆ ಮೇಯುವ ಕರಿ ಕುರಿಮರಿಗಳ ಮಾತನ್ನು ಬೇಗ ಬೇಗ ಹೇಳಲು ಹೋಗಿ ತೊದಲದ ಕನ್ನಡದ ಮಕ್ಕಳಿಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ರಾಸುಗಳ ತಳಿ ಕೇಂದ್ರ ಇದೆ. ಸುತ್ತಲಿನ ಕಾವಲುಗಳಲ್ಲಿ ಒಣ ಹುಲ್ಲು, ದೂರದಲ್ಲಿ ಗಾಳಿಗಿರಣಿ, ನಡುವೆ ಕುರಿ ಹಿಂಡು.

ನಮ್ಮ ಮನೆತನ ಈ ಮೂರೂ ಊರಲ್ಲಿ ಹರಡಿಕೊಂಡಿದೆ. ಶಿವಮೊಗ್ಗದ ರೈಲಲ್ಲಿ ಹೋದವರಿಗೆ ಗೊತ್ತಿರುತ್ತೆ, ಕಡೂರು ದಾಟಿ ಬೀರೂರಿಗೆ ಬಂದರೆ ದಾರಿ ಎರಡಾಗುತ್ತದೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರು, ಹುಬ್ಬಳ್ಳಿ ಕಡೆಗೆ. ಕಡೂರಿನ ಹತ್ತಿರದ ಹಳ್ಳಿಯಲ್ಲಿ ದೊಡ್ಡಪ್ಪ ಇದ್ದಾರೆ, ತಾತನ ಮನೆಯಲ್ಲೇ. ಕಡೂರು ಟೌನಿನಲ್ಲಿ ಅಪ್ಪ-ಅಮ್ಮ. ತರೀಕೆರೆಯಲ್ಲಿ ಅಡಿಕೆ ಮಾಡುವ ಚಿಕ್ಕಪ್ಪ. ಅಜ್ಜಂಪುರಕ್ಕೆ ಕೊಟ್ಟಿದ್ದು ಅತ್ತೆಯನ್ನ. ದೊಡ್ಡಪ್ಪನಿಗಿಂತ ಸಣ್ಣವರು, ಅಪ್ಪನಿಗಿಂತ ದೊಡ್ಡವರು. ವರ್ಷದಲ್ಲಿ ಒಂದು ದಿನ ಮಾತ್ರ ಎಲ್ಲರೂ ಒಂದು ಕಡೆ ಕೂತು ಉಣ್ಣುವುದು, ಅದು ವರ್ಷತೊಡಕು.

ನಾನು ಸಣ್ಣವಳಿದ್ದಾಗ ಹಳ್ಳಿಯಲ್ಲಿ ಮಟನ್ ಅಂಗಡಿ ಇರಲಿಲ್ಲ, ಗುಡ್ಡೆ ಬಾಡು ಇತ್ತು. ಹನ್ನೆರಡು ಮನೆಯವರು ದುಡ್ಡು ಹಾಕಿ ಕುರಿ ತರೋರು. ಹುಣಸೆ ಮರದ ಕೆಳಗೆ ಕೊಯ್ದು, ಬಾಳೆ ಎಲೆ ಮೇಲೆ ಹನ್ನೆರಡು ಗುಡ್ಡೆ ಹಾಕೋರು. ಪ್ರತಿ ಗುಡ್ಡೆಯಲ್ಲೂ ಎಲ್ಲ ಭಾಗ ಇಷ್ಟಿಷ್ಟು ಬರಬೇಕು: ತೊಡೆ, ಪಕ್ಕೆ, ಲಿವರ್, ಬೋಟಿ, ಕೊಬ್ಬು. ಗುಡ್ಡೆ ಹಾಕಿದವನು ಒಂದು ಹುಡುಗನನ್ನ ಬೆನ್ನು ತಿರುಗಿಸಿ ನಿಲ್ಲಿಸಿ, ಒಂದೊಂದು ಗುಡ್ಡೆ ಮುಟ್ಟಿ "ಇದು ಯಾರಿಗೆ?" ಅನ್ನೋನು. ಹುಡುಗ ಬಾಯಿಗೆ ಬಂದ ಹೆಸರು ಹೇಳೋನು. ಜಗಳಕ್ಕೆ ದಾರಿಯೇ ಇಲ್ಲ. ಕಂಪನಿಗಳಲ್ಲಿ ಅಪ್ರೈಸಲ್ ನೋಡುವಾಗೆಲ್ಲ ನನಗೆ ಆ ಹುಡುಗ ನೆನಪಾಗ್ತಾನೆ.

ಆದರೆ ತಲೆ, ಕಾಲು ಗುಡ್ಡೆಗೆ ಬರುತ್ತಿರಲಿಲ್ಲ. ಒಂದು ತಲೆ, ನಾಲ್ಕು ಕಾಲನ್ನ ಹನ್ನೆರಡು ಪಾಲು ಮಾಡೋದು ಹೇಗೆ? ಅವನ್ನು ಬದಿಗಿಟ್ಟು, ಬೇಕಾದವರು ಬೇರೆ ದುಡ್ಡು ಕೊಟ್ಟು ತಗೋಬೇಕು. ತಾತ ಯಾವಾಗಲೂ ಕಾಲು ತರೋರು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು, ಬೇರೆ ಮನೆಗಳಲ್ಲಿ ಇದೆಯೋ ಇಲ್ಲವೋ: ಕಾಲು ಮನೆ ಮಗಳ ಪಾಲು. ತವರಿಗೆ ಬಂದ ಅತ್ತೆಯೇ ಅದನ್ನು ಸುಟ್ಟು, ತೊಳೆದು, ಬೇಯಿಸಬೇಕು. ಉಣ್ಣುವುದು ಎಲ್ಲರೂ. ಪಾಲು ಅಂದಿದ್ದು ಕೆಲಸವನ್ನೋ ಊಟವನ್ನೋ ಅಂತ ಯಾರೂ ಕೇಳಿದ ಹಾಗಿಲ್ಲ.

2025ರ ಯುಗಾದಿ ಮಾರ್ಚ್ 30, ಭಾನುವಾರ ಬಂತು. ಶನಿವಾರ, ಭಾನುವಾರ ಸೇರಿ ಸೋಮವಾರವೂ ರಜೆ, ರಂಜಾನ್ ಪ್ರಯುಕ್ತ. ಅಂದರೆ ವರ್ಷತೊಡಕು, ರಂಜಾನ್ ಎರಡೂ ಒಂದೇ ದಿನ. ಭಾನುವಾರ ಸಾಯಂಕಾಲ ನಾವೆಲ್ಲ ಯುಗಾದಿ ಚಂದ್ರನನ್ನ ನೋಡೋಕೆ ಮಾಳಿಗೆ ಹತ್ತಿ ಪಡುವಣದ ಕಡೆ ಕಣ್ಣು ನೆಟ್ಟು ನಿಂತಿದ್ದೆವು. ಅದೇ ಹೊತ್ತಲ್ಲಿ ಕಡೂರಿನ ಮಸೀದಿ ಬೀದಿಯವರೂ ಅದೇ ಗೆರೆಯಂಥ ಚಂದ್ರನನ್ನ ಹುಡುಕುತ್ತಾ ನಿಂತಿದ್ದರು. ಕಂಡಿತು. ನಮ್ಮಲ್ಲಿ ಚಂದ್ರನನ್ನ ನೋಡಿದ ಮೇಲೆ ಸಣ್ಣವರು ದೊಡ್ಡವರ ಕಾಲಿಗೆ ಬೀಳಬೇಕು. ಅರವತ್ತಕ್ಕೆ ಹತ್ತಿರವಾದ ಅತ್ತೆ ಮಂಡಿ ಹಿಡಿದುಕೊಂಡು ಬಗ್ಗಿ ದೊಡ್ಡಪ್ಪನ ಕಾಲು ಮುಟ್ಟಿದರು. "ಚೆನ್ನಾಗಿರವ್ವ" ಅಂದರು ದೊಡ್ಡಪ್ಪ. ಇಬ್ಬರೂ ಅದಕ್ಕಿಂತ ಮೊದಲು ಎಂಟು ತಿಂಗಳು ಫೋನಲ್ಲಿ ಮಾತಾಡಿರಲಿಲ್ಲ.

ಕಾರಣ ಫ್ರಿಜ್ಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿತ್ತು. ಹಕ್ಕು ಬಿಡುಗಡೆ ಪತ್ರ.

ತಾತ ತೀರಿಕೊಂಡಿದ್ದು 2011ರಲ್ಲಿ. ಒಂಬತ್ತು ಎಕರೆ ಖುಷ್ಕಿ ಜಮೀನನ್ನ ಮೂರು ಗಂಡುಮಕ್ಕಳು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಉಳುತ್ತಿದ್ದಾರೆ. ಪಹಣಿ ಇವತ್ತಿಗೂ ತಾತನ ಹೆಸರಲ್ಲೇ ಇದೆ. ಇಷ್ಟು ವರ್ಷ ಯಾರಿಗೂ ಅದು ತಲೆನೋವಾಗಿರಲಿಲ್ಲ, ಯಾಕೆಂದರೆ ಆ ಜಮೀನಿಗೆ ಅಂಥ ಬೆಲೆ ಇರಲಿಲ್ಲ. ಬಿ.ಎಚ್. ರಸ್ತೆಯನ್ನ ನಾಲ್ಕು ಪಥ ಮಾಡೋಕೆ ಶುರುವಾದ ಮೇಲೆ ಕಥೆ ಬದಲಾಯ್ತು. ರಸ್ತೆ ಕಡೆಗಿರುವ ಒಂದು ಎಕರೆ, ಕಲ್ಲು-ಕಾರೆಮುಳ್ಳು ಅಂತ ಯಾರೂ ಬೇಡ ಅಂದು ಬಿಟ್ಟಿದ್ದ ಜಾಗ, ಅದಕ್ಕೆ ಈಗ ಗಿರಾಕಿ ಬಂದಿದ್ದಾರೆ. ಮಾರಬೇಕು ಅಂದರೆ ಪೌತಿ ಖಾತೆ ಆಗಬೇಕು. ಪೌತಿ ಖಾತೆಗೆ ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಮಗಳ ಹೆಸರು ಬರಲೇಬೇಕು. ಹೆಸರು ಬಂದ ಮೇಲೆ ಸಹಿಯೂ ಬೇಕು.

ನಮ್ಮ ಕಡೆ ಇದಕ್ಕೆ ಒಂದು ಹಳೇ ದಾರಿ ಇದೆ. ಹೆಣ್ಣುಮಗಳನ್ನ ಹಬ್ಬಕ್ಕೆ ಕರೆದು, ಸೀರೆ ಕೊಟ್ಟು, ಮಡಿಲು ತುಂಬಿ, ಅರಿಶಿನ-ಕುಂಕುಮಕ್ಕೆ ಹಕ್ಕು ಬಿಡಿಸಿಕೊಳ್ಳೋದು. ಅವಳು ಮಾರನೇ ದಿನ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹೆಬ್ಬೆಟ್ಟೋ ಸಹಿಯೋ ಹಾಕಿ ಬಸ್ಸು ಹತ್ತುತ್ತಾಳೆ. ತವರು ಉಳಿಯುತ್ತೆ. ಸಹಿ ಹಾಕದಿದ್ದರೆ ತವರು ಹೋಗುತ್ತೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತೆ ಅಷ್ಟೇ.

ಇಂಥ ಹಬ್ಬಕ್ಕೆ ಕಾಲು ತರಬೇಕಿತ್ತು. ಭಾನುವಾರ ರಾತ್ರಿ ಕಡೂರಿನ ಅಂಗಡಿ ಭಾಯಿಗೆ ಚಿಕ್ಕಪ್ಪ ಫೋನ್ ಮಾಡಿದರೆ ಅವರು ನಗಾಡಿದರು. "ನಾಳೆ ನಿಮ್ದೂ ಹಬ್ಬ, ನಮ್ದೂ ಹಬ್ಬ ಅಣ್ಣ. ಎಲ್ಲರಿಗೂ ಕಾಲೇ ಬೇಕು. ಕುರಿಗೆ ನಾಲ್ಕೇ ಅಲ್ವ ಇರೋದು?" ಚಿಕ್ಕಪ್ಪ ಹದಿನೈದು ದಿನ ಮೊದಲೇ ಹೇಳಿಟ್ಟಿದ್ದರು ಅನ್ನುವುದು ಆಮೇಲೆ ಗೊತ್ತಾಯ್ತು. ನಾಲ್ಕು ಕುರಿಯ ಹದಿನಾರು ಕಾಲು, ಚೀಲದಲ್ಲಿ ಕಟ್ಟಿ ಇಟ್ಟಿದ್ದರು. ಹಿಂದೆಲ್ಲ ಮಾಂಸ ತಗೊಂಡರೆ ಕಾಲು ಸುಮ್ಮನೆ ಕೊಡೋರಂತೆ. ಈಗ ಬೆಂಗಳೂರಿನಲ್ಲಿ ಆ್ಯಪ್ ತೆಗೆದರೆ ಕ್ಲೀನ್ ಮಾಡಿದ ನಾಲ್ಕು ಕಾಲನ್ನ ಚೆಂದದ ಡಬ್ಬಿಯಲ್ಲಿಟ್ಟು ಮಾರುತ್ತಾರೆ.

ಸೋಮವಾರ ಬೆಳಿಗ್ಗೆ ಐದೂವರೆಗೆ ಅತ್ತೆ ನನ್ನ ಹೊದಿಕೆ ಎಳೆದರು. "ಏಳೆ ಪುಟ್ಟಿ. ಈ ಸಲ ನನ್ ಕೈಲಿ ಕೂರಕ್ಕಾಗಲ್ಲ. ನೀನು ಸುಡು, ನಾನು ಹೇಳ್ತೀನಿ."

ಹಿತ್ತಿಲಲ್ಲಿ ತೆಂಗಿನ ಒಣ ಗರಿ, ಮಟ್ಟೆ, ಕರಟ. ಕಡೂರಿನಲ್ಲಿ ಬೆಂಕಿಗೆ ಬೇರೆ ಏನೂ ಬೇಕಾಗಿಲ್ಲ. ಕಾಲನ್ನ ಮೇಲಿನ ತುದಿ ಹಿಡಿದು ಉರಿಯ ಮೇಲೆ ತಿರುಗಿಸುತ್ತಾ ಇರಬೇಕು. ಕೂದಲು ಚಟಚಟ ಅಂತ ಹೊತ್ತಿ ಹೋಗುತ್ತೆ, ಚರ್ಮ ಉಬ್ಬುತ್ತೆ, ಬಣ್ಣ ಬೆಲ್ಲದ ಹಾಗಾಗುತ್ತೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಇಟ್ಟರೆ ಚರ್ಮ ಬಿರಿದು, ಸಾರು ಕಹಿ. ಬಿಸಿ ಇರುವಾಗಲೇ ಗೊರಸಿನ ಮೇಲೆ ಮಚ್ಚಿನ ಹಿಂಬದಿಯಿಂದ ಎರಡೇಟು ಕೊಟ್ಟು ತಿರುಚಿದರೆ ಟೋಪಿ ಕಳಚಿದ ಹಾಗೆ ಬರುತ್ತೆ. ಆರಿದರೆ ಬರಲ್ಲ. ಆಮೇಲೆ ಚಾಕುವಿನಿಂದ ಕೆರೆಯೋದು, ರಾಗಿ ಹಿಟ್ಟು, ಅರಿಶಿನ ಹಾಕಿ ಉಜ್ಜೋದು, ತೊಳೆಯೋದು, ಮತ್ತೆ ಕೆರೆಯೋದು, ಮತ್ತೆ ತೊಳೆಯೋದು.

ಒಂದು ವಿಷಯ ಅಂಗಡಿಯವರೂ ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ಕುರಿಯ ಎರಡು ಗೊರಸಿನ ಸಂದಿನಲ್ಲಿ, ಚರ್ಮದ ಒಳಗೆ, ಕೂದಲು ತುಂಬಿದ ಒಂದು ಸಣ್ಣ ಚೀಲ ಇರುತ್ತೆ. ನಾಲ್ಕು ಕಾಲಿಗೂ ಇರುತ್ತೆ. ಅದರಿಂದ ಒಸರುವ ಜಿಡ್ಡಿನ ವಾಸನೆ ನೆಲಕ್ಕೆ ತಾಗುತ್ತಾ ಹೋಗುತ್ತೆ. ಆಡಿಗೆ ಆ ಚೀಲ ಇಲ್ಲ. ಸಂದಿನಲ್ಲಿ ಸೀಳಿ ಅದನ್ನ ಕಿತ್ತು ಹಾಕದಿದ್ದರೆ ಎಷ್ಟು ಮಸಾಲೆ ಹಾಕಿದರೂ ಸಾರಿನಲ್ಲಿ ಕುರಿ ಹಟ್ಟಿ ವಾಸನೆ. "ಕಾಲು ಸಾರು ವಾಸ್ನೆ ಅಂತಾರಲ್ಲ, ಅವರ ಮನೇಲಿ ಇದನ್ನ ತೆಗ್ದಿರಲ್ಲ" ಅಂದರು ಅತ್ತೆ. ಹದಿನಾರು ಕಾಲು ಮುಗಿಯುವಾಗ ಏಳು ಗಂಟೆ ದಾಟಿತ್ತು. ನನ್ನ ತಲೆಗೂದಲಿಗೆ ಹತ್ತಿದ ಸುಟ್ಟ ವಾಸನೆ ಬುಧವಾರದ ಸ್ಟ್ಯಾಂಡಪ್ ಮೀಟಿಂಗ್ ತನಕ ಇತ್ತು.

ಬೇಯಿಸೋದು ಸುಲಭ, ಹೊತ್ತು ಬೇಕಷ್ಟೇ. ಒಂದೊಂದು ಕಾಲನ್ನ ಮೂರು ತುಂಡು ಮಾಡಿ, ಅಜ್ಜಿಯ ದಪ್ಪ ತಳದ ಪಾತ್ರೆಗೆ ಹಾಕಿ, ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು, ಅರಿಶಿನ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಉಪ್ಪು. ಮೊದಲ ಕುದಿಯಲ್ಲಿ ಏಳುವ ಬೂದು ನೊರೆಯನ್ನ ಸೌಟಿನಿಂದ ತೆಗೆದು ಚೆಲ್ಲಬೇಕು. ಆಮೇಲೆ ಉರಿ ತಗ್ಗಿಸಿ, ಪಾತ್ರೆ ಸಣ್ಣಗೆ ಗುಳುಗುಳು ಅನ್ನುವಷ್ಟು ಇಟ್ಟು, ಬಿಟ್ಟುಬಿಡಬೇಕು. ಏಳೂವರೆಗೆ ಇಟ್ಟಿದ್ದು ಹನ್ನೆರಡೂವರೆಗೆ ಹದಕ್ಕೆ ಬಂತು. ಕಾಲಿನ ಚರ್ಮ, ನರಗಳಲ್ಲಿ ತುಂಬಿರೋದು ಕೊಲಾಜನ್. ಅದು ಬೇಗ ಬಿಟ್ಟುಕೊಡುವ ಪದಾರ್ಥ ಅಲ್ಲ. ನೀರಲ್ಲಿ ಗಂಟೆಗಟ್ಟಲೆ ಬೆಂದ ಮೇಲೆ ಬಿಚ್ಚಿಕೊಂಡು ಜೆಲಟಿನ್ ಆಗುತ್ತೆ. ತುಟಿಗೆ ತುಟಿ ಅಂಟುವುದು ಅದರಿಂದಲೇ. ಅಪಾರ್ಟ್‌ಮೆಂಟಿನಲ್ಲಿ ಮಾಡುವವರಿಗೆ ಕುಕ್ಕರ್ ಇದೆ: ಅದರೊಳಗೆ ಬಿಸಿ ಹೆಚ್ಚುಕಮ್ಮಿ 120 ಡಿಗ್ರಿಗೆ ಹೋಗುವುದರಿಂದ ಒಂದು ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 45 ನಿಮಿಷ ಇಟ್ಟರೆ ಸಾಕು. ರಾತ್ರಿ ಬೇಯಿಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಗಟ್ಟಿಯಾಗಿ ನಿಂತಿರುತ್ತೆ, ಮೇಲೆ ಕಟ್ಟಿದ ಕೊಬ್ಬನ್ನ ಚಮಚದಲ್ಲಿ ಎತ್ತಿ ಹಾಕಬಹುದು.

ಮೂಳೆ ಮುರಿದವರಿಗೆ, ಬಾಣಂತಿಯರಿಗೆ ಕಾಲು ಸೂಪು ಕೊಡೋದು ನಮ್ಮಲ್ಲೂ ಇದೆ. ಮೂಳೆಯ ಕ್ಯಾಲ್ಸಿಯಂ ಸಾರಿಗೆ ಇಳಿಯೋದು ಸ್ವಲ್ಪವೇ, ಅದಕ್ಕಿಂತ ಒಂದು ರಾಗಿ ಮುದ್ದೆಯಲ್ಲಿ ಜಾಸ್ತಿ ಇರುತ್ತೆ. ಆದರೆ ಹಾಸಿಗೆ ಹಿಡಿದವರಿಗೆ ಯಾರೋ ಐದು ಗಂಟೆ ಕೂತು ಬೇಯಿಸಿದ ಬಿಸಿ ಸಾರು ಗಂಟಲಿಗೆ ಇಳಿದರೆ ಆಗುವ ಸಮಾಧಾನಕ್ಕೆ ಲ್ಯಾಬ್ ರಿಪೋರ್ಟು ಬೇಡ.

ಮಸಾಲೆಗೆ ಬಂದಾಗ ಜಗಳ. ಚಿಕ್ಕಮ್ಮನ ತರೀಕೆರೆ ಲೆಕ್ಕದಲ್ಲಿ ಕಾಲಿಗೆ ಮೆಣಸು, ಜೀರಿಗೆ, ಬೆಳ್ಳುಳ್ಳಿ ಮಾತ್ರ. ಸಾರು ನೀರಾಗಿರಬೇಕು, ಲೋಟದಲ್ಲಿ ಕುಡಿಯಬೇಕು. ಕಡೂರಿನ ಅಮ್ಮನಿಗೆ ತೆಂಗಿನಕಾಯಿ ಹಾಕದ ಅಡುಗೆ ಅಡುಗೆಯೇ ಅಲ್ಲ. ಅಜ್ಜಂಪುರದ ಅತ್ತೆಯದು ಹುರಿದ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಗಸಗಸೆ, ಕೆಂಡದಲ್ಲಿ ಸುಟ್ಟ ಈರುಳ್ಳಿ. ಕಾಯಿ ಸ್ವಲ್ಪ, ಅದೂ ಕೊನೆಗೆ. ಪ್ರತಿ ವರ್ಷದ ಹಾಗೆ ಅತ್ತೆ ಗೆದ್ದರು. ಮಸಾಲೆ ಹಾಕುವ ಮೊದಲು ಚಿಕ್ಕಮ್ಮನಿಗೆ ಎರಡು ಲೋಟ ಬರೀ ಸಾರು ಬಗ್ಗಿಸಿಟ್ಟು ಮೆಣಸು ಕುಟ್ಟಿ ಹಾಕಿದರು. ಅದೂ ಪ್ರತಿ ವರ್ಷದ ಹಾಗೆ.

ಒಲೆ ಮುಂದೆ ಕೂತಿದ್ದಾಗ ನಾನೇ ಕೇಳಿದೆ. "ಅತ್ತೆ, ಸಹಿ ಹಾಕ್ತೀರಾ?"

ಅವರು ಕೊಳ್ಳಿ ಹಿಂದಕ್ಕೆ ಎಳೆದರು. "ನಂಗೇನು ಜಮೀನು ಉಳಕ್ಕೆ ಬರ್ಬೇಕಾ? ನಮ್ಮೆಜಮಾನ್ರಿಗೇ ಸಾಕಷ್ಟೈತೆ. ದುಡ್ಡಿನ ಆಸೆ ಇಲ್ಲ ಅಂತ ಸುಳ್ಳು ಹೇಳಲ್ಲ. ಮಂಡಿ ಆಪರೇಷನ್ ಮಾಡಿಸ್ಬೇಕು ಅಂದವ್ರೆ, ಎರಡೂ ಕಾಲಿಗೆ. ಮಗನ್ನ ಕೇಳಕ್ಕೆ ಮನಸ್ಸಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಅದಲ್ಲ ಪುಟ್ಟಿ. ಅಣ್ಣ ಕೇಳಿದ್ರೆ ಕೊಟ್ಬಿಡ್ತಿದ್ನೇನೋ. ಕೇಳ್ಲೇ ಇಲ್ವಲ್ಲ. ಬರ್ಸಿ ತಂದು ಇಟ್ಟವ್ರೆ."

ದೊಡ್ಡಪ್ಪನದೂ ಒಂದು ಕಥೆ ಇದೆ, ಅದರಲ್ಲೂ ಸುಳ್ಳಿಲ್ಲ. ಅಜ್ಜಿ ಮೂರು ವರ್ಷ ಹಾಸಿಗೆಯಲ್ಲಿದ್ದಾಗ ನೋಡಿಕೊಂಡಿದ್ದು ಅವರು ಮತ್ತು ದೊಡ್ಡಮ್ಮ. ಅತ್ತೆಯ ಮದುವೆ ಸಾಲ ತೀರಿಸಿದ್ದು ಅವರು. ಆ ಜಮೀನಿಗೆ ಮೂರು ಬೋರು ಕೊರೆಸಿ ಮೂರರಲ್ಲೂ ಧೂಳು ಕಂಡವರು ಅವರು. ಮದುವೆಯಲ್ಲೇ ಅವಳ ಪಾಲು ಮುಗೀತು ಅನ್ನೋದು ಅವರ ಲೆಕ್ಕ. ಅವರ ಕಾಲದ ಎಲ್ಲ ಅಣ್ಣಂದಿರ ಲೆಕ್ಕವೂ ಅದೇ.

ಕಾನೂನಿನ ಲೆಕ್ಕ ಬೇರೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಅಂತ ಕರ್ನಾಟಕ 1994ರಲ್ಲೇ ಕಾಯ್ದೆ ಮಾಡಿತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನ ಹೊರಗಿಟ್ಟಿತ್ತು. ಅತ್ತೆಯ ಮದುವೆ 1989ರಲ್ಲಿ. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಮೇಲೆ ಮದುವೆ ಆಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಹೋಯ್ತು. ಹುಟ್ಟಿನಿಂದಲೇ ಬರುವ ಹಕ್ಕು ಇದು ಅಂತ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಇನ್ನೂ ಸ್ಪಷ್ಟ ಮಾಡಿತು. ಮೂವರು ಅಣ್ಣತಮ್ಮಂದಿರ ಬಾಯಿಮಾತಿನ ಪಾಲಿಗೆ ಇದನ್ನ ತಡೆಯುವ ಬಲ ಇಲ್ಲ. ಇಷ್ಟನ್ನೂ ನಾನು ಹಿಂದಿನ ವಾರ ಓದಿಕೊಂಡು, ಅತ್ತೆಗೆ ಅರ್ಥವಾಗುವ ಹಾಗೆ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿದ್ದೆ. ಅವರು ಅದಕ್ಕೆ ಕೈಮುಗಿಯುವ ಚಿತ್ರ ಕಳಿಸಿದ್ದರು, ಅಷ್ಟೇ.

ಊಟಕ್ಕೆ ಕೂತಾಗ ಎರಡು ಗಂಟೆ. ಹತ್ತೊಂಬತ್ತು ಜನ, ನಡುಮನೆಯಲ್ಲಿ ಎರಡು ಸಾಲು. ಮುದ್ದೆ, ಕಾಲು ಸಾರು, ಆಮೇಲೆ ಅನ್ನ, ಮಟನ್ ಚಾಪ್ಸು. ಚಿಕ್ಕಪ್ಪನ ಮಗಳು ಬ್ಯಾಂಕಿನವಳು. ಮಾರ್ಚ್ 31 ಅಂತ ಅವಳಿಗೆ ಹಬ್ಬದ ರಜೆಯೇ ಇಲ್ಲ. ಅವಳ ಪಾಲಿನ ತುಂಡನ್ನ ಒಲೆ ಪಕ್ಕ ಮುಚ್ಚಿಟ್ಟಿದ್ದೆವು. ಕಾಲು ಸಾರನ್ನ ನಾಜೂಕಾಗಿ ಉಣ್ಣೋಕೆ ಆಗಲ್ಲ. ಮೂಳೆ ಚೀಪಬೇಕು, ತಟ್ಟೆಗೆ ಕುಟ್ಟಬೇಕು, ಬೆರಳಿಗೆ ಬೆರಳು ಅಂಟಿಕೊಂಡು ಫೋನ್ ಮುಟ್ಟೋಕೂ ಆಗಲ್ಲ. ಹತ್ತೊಂಬತ್ತು ಜನ ಇಪ್ಪತ್ತು ನಿಮಿಷ ಫೋನ್ ನೋಡದೆ ಕೂತಿದ್ದು ನಾನು ಇತ್ತೀಚೆಗೆ ಎಲ್ಲೂ ನೋಡಿಲ್ಲ. ದೊಡ್ಡಪ್ಪ ಮೂರು ಸಲ ಹಾಕಿಸಿಕೊಂಡರು. ಮೂರನೇ ಸಲ ತಲೆ ಎತ್ತದೆ, "ಅಮ್ಮ ಮಾಡ್ದಂಗೇ ಐತೆ" ಅಂದರು.

ಕೈ ತೊಳೆದು ಎಲೆಅಡಿಕೆ ಹಾಕಿಕೊಂಡ ಮೇಲೆ ಪ್ಲಾಸ್ಟಿಕ್ ಕವರು ಕೆಳಗೆ ಇಳಿಯಿತು. ದೊಡ್ಡಪ್ಪ ಅದನ್ನ ಅತ್ತೆಯ ಮುಂದೆ ಇಟ್ಟು, ಬುಧವಾರ ಹೋಗಿ ಮುಗಿಸಿ ಬರೋಣ, ಗಿರಾಕಿ ಕಾಯ್ತಾ ಇದ್ದಾರೆ ಅಂದರು. ದೊಡ್ಡಮ್ಮ ಸೀರೆಯ ಬಾಕ್ಸು ತಂದಿಟ್ಟರು. ಯಾರೂ ಮಾತಾಡಲಿಲ್ಲ.

ಅತ್ತೆ ಕವರು ತೆಗೆದುಕೊಂಡರು. "ಓದ್ತೀನಿ ಅಣ್ಣ. ಓದಿ ಹೇಳ್ತೀನಿ."

"ಓದೋದೇನೈತೆ ಅದ್ರಲ್ಲಿ?"

"ಏಳ್ನೇ ಕ್ಲಾಸ್ ಪಾಸು ಅಣ್ಣ ನಾನು. ಅಪ್ಪ ಓದ್ಸಿದ್ದು. ಓದಕ್ಕೆ ಬರುತ್ತೆ."

ದೊಡ್ಡಪ್ಪನ ಮುಖ ಕೆಂಪಾಯ್ತು. ಅವರು ಏನಾದರೂ ಅನ್ನುವ ಮೊದಲೇ, ಮನೆಯಲ್ಲಿ ಯಾವತ್ತೂ ಇಂಥ ಮಾತಿನ ಮಧ್ಯೆ ಬಾಯಿ ಹಾಕದ ನನ್ನಪ್ಪ, "ಓದ್ಲಿ ಬಿಡಣ್ಣ. ಅಕ್ಕನೂ ಅಪ್ಪನ ಮಗಳೇ ಅಲ್ವ" ಅಂದರು. ಚಿಕ್ಕಪ್ಪ ಎದ್ದು ಹಿತ್ತಿಲ ಕಡೆ ಹೋದರು. ದೊಡ್ಡಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋದವರು ಕತ್ತಲಾದ ಮೇಲೆ ಬಂದರು. ಅಮ್ಮ ಪಾತ್ರೆ ತಿಕ್ಕುತ್ತಾ ನನ್ನ ಹತ್ತಿರ ಸಣ್ಣಗೆ ಹೇಳಿದರು: "ನಿನಗೂ ಒಬ್ಬ ತಮ್ಮ ಇದಾನೆ. ನೆನಪಿಟ್ಕೋ." ತಮ್ಮ ಆಗ ಒಳಗೆ ಐಪಿಎಲ್ ನೋಡುತ್ತಿದ್ದ. ಅವನ ಹತ್ತಿರ ನಾನು ಇನ್ನೂ ಈ ವಿಷಯ ಮಾತಾಡಿಲ್ಲ, ಮಾತಾಡಬೇಕು.

ಮಂಗಳವಾರ ಬೆಳಿಗ್ಗೆ ಅತ್ತೆ ಹೊರಟರು. ಉಳಿದ ಸಾರು ರಾತ್ರಿಯ ತಂಪಿಗೆ ಅರೆಬರೆ ಗಟ್ಟಿಯಾಗಿತ್ತು. ದೊಡ್ಡಮ್ಮ ಅದನ್ನ ಕುದಿಸಿ, ಆರಿಸಿ, ಕ್ಯಾರಿಯರಿನ ಕೆಳಗಿನ ಡಬ್ಬಿಗೆ ತುಂಬಿ ಕೊಟ್ಟರು. ಸೀರೆಯ ಬಾಕ್ಸನ್ನೂ ಚೀಲಕ್ಕೆ ಹಾಕಿದರು. ಸೀರೆಗೂ ಸಹಿಗೂ ಗಂಟು ಹಾಕಬೇಡಿ ಅಂತ ಅವರು ಯಾರಿಗೆ ಹೇಳಿದ್ದೋ, ಗೋಡೆಗೆ ಹೇಳಿದ ಹಾಗಿತ್ತು. ಬೈಕಿನಲ್ಲಿ ಬೀರೂರು ಬಸ್‌ಸ್ಟ್ಯಾಂಡಿಗೆ ಬಿಡೋಕೆ ಹೋಗಿದ್ದು ದೊಡ್ಡಪ್ಪನೇ. ದಾರಿಯಲ್ಲಿ ಮಾತಾಡಿದರಾ ಅಂತ ಆಮೇಲೆ ಅತ್ತೆಯನ್ನ ಕೇಳಿದೆ. "ಅಜ್ಜಂಪುರದ ಬಸ್ಸಿಗೆ ಟಿಕೆಟ್ ದುಡ್ಡು ಕೊಡಕ್ಕೆ ಬಂದ್ರು. ಹೆಂಗಸ್ರಿಗೆ ಫ್ರೀ ಅಣ್ಣ ಅಂದೆ" ಅಂತ ನಕ್ಕರು.

ಅತ್ತೆ ಪತ್ರವನ್ನ ಎರಡು ಸಲ ಓದಿ, ಸಹಿ ಹಾಕದೆ ವಾಪಸ್ ಕಳಿಸಿದರು. ಜೊತೆಗೆ ಒಂದು ಮಾತು ಹೇಳಿ ಕಳಿಸಿದರು: ಉಳುವ ಎಂಟು ಎಕರೆ ನನಗೆ ಬೇಡ, ಅದು ಬೆವರು ಸುರಿಸಿದವರದು, ರಸ್ತೆ ಬದಿಯ ಒಂದು ಎಕರೆಗೆ ಯಾರೂ ಬೆವರು ಸುರಿಸಿಲ್ಲ, ಅದರಲ್ಲಿ ನಾಲ್ಕು ಪಾಲು ಆಗಲಿ. ಅಪ್ಪ ಸರಿ ಅಂದಿದ್ದಾರೆ. ಚಿಕ್ಕಪ್ಪ ಅಡಿಕೆ ಕೊಯ್ಲು ಮುಗೀಲಿ ಅಂತಿದ್ದಾರೆ. ದೊಡ್ಡಪ್ಪ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಗಿರಾಕಿ ಇನ್ನೂ ಫೋನ್ ಮಾಡುತ್ತಲೇ ಇದ್ದಾನೆ.

ಹೋದ ತಿಂಗಳು ದೊಡ್ಡಪ್ಪ ನನಗೆ ಫೋನ್ ಮಾಡಿ, ವಂಶವೃಕ್ಷದ ಅರ್ಜಿ ತುಂಬಿ ಕೊಡು, ನಂಗೆ ಈ ಕಂಪ್ಯೂಟ್ರು ಗೊತ್ತಾಗಲ್ಲ ಅಂದರು. ಬೆಂಗಳೂರಿನಲ್ಲಿ ಕೂತು ತುಂಬಿದೆ. ಮೇಲೆ ತಾತ-ಅಜ್ಜಿ, ಕೆಳಗೆ ಮಕ್ಕಳು. ಯಾವ ಸಾಲಿನಲ್ಲಿ ಯಾರನ್ನ ಬರೀಲಿ ಅಂತ ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ವಯಸ್ಸಿನ ಪ್ರಕಾರ ಬರಿ" ಅಂದರು. ಹಾಗಾಗಿ ಮೊದಲು ದೊಡ್ಡಪ್ಪ, ಎರಡನೆಯದು ಅತ್ತೆ, ಆಮೇಲೆ ಅಪ್ಪ, ಕೊನೆಗೆ ಚಿಕ್ಕಪ್ಪ.